ಯಾವ ನೀರಿಗೆ ಯಾವ ರೆಕ್ಕೆ?

ಪ್ರಿಯ ಮಕ್ಕಳೇ,

ಮಕ್ಕಳೇ ಎಂದು ಕರೆದದ್ದಕ್ಕೆ ಮುನಿಸಿಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು ಎಂಜಿನಿಯರಿಂಗ್ ಮುಗಿಸಿ ಮಿಹಾನ್‌ನಲ್ಲಿ ನೌಕರಿಗೆ ಸೇರಿದ್ದೀರಿ, ಒಬ್ಬಿಬ್ಬರಿಗೆ ಮದುವೆಯೂ ಗೊತ್ತಾಗಿದೆ. ಆದರೆ ರಾಜ್ಯೋತ್ಸವದ ಪಂಕ್ತಿಯಲ್ಲಿ ನಿಮ್ಮ ಎಲೆಗೆ ಕೋಸಂಬರಿ ಬಡಿಸುತ್ತ ಬಂದ ನನಗೆ ನೀವು ಇನ್ನೂ ಮಕ್ಕಳೇ.

ಈ ಸಲದ ರಜೆಗೆ ನಿಮ್ಮಲ್ಲಿ ಕೆಲವರು ಕರಾವಳಿಗೆ ಹೊರಟಿದ್ದೀರಿ ಎಂದು ಕೇಳಿದೆ. ಹಿಂದೆಲ್ಲ ಊರಿಗೆ ಹೊರಟರೆ ನಾಗಪುರದ ಕಿತ್ತಳೆ ಬರ್ಫಿಯ ಡಬ್ಬಿಗಳು ಹೊರಡುತ್ತಿದ್ದವು. ಈಗ ಬರ್ಫಿಯ ಜೊತೆಗೆ ಗಾಳಿ ತುಂಬುವ ಹಲಗೆಯೂ ಹೊರಟಿದೆ! ನಿಂತುಕೊಂಡು ಹುಟ್ಟು ಹಾಕುವ ಹಲಗೆ, ನೀವು ‘ಸಪ್’ ಎಂದು ಕರೆಯುವ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡು. ಚೀಲದ ತಳದಲ್ಲಿ ಬೇರೆ ಬೇರೆ ಅಳತೆಯ ಪ್ಲಾಸ್ಟಿಕ್ ರೆಕ್ಕೆಗಳು ಇರುತ್ತವೆ. “ಕಾಕೂ, ಇವುಗಳಲ್ಲಿ ಯಾವುದನ್ನು ಹಾಕಬೇಕು?” ಎಂದು ನಿಮ್ಮಲ್ಲಿ ಮೂವರು ನನ್ನನ್ನು ಕೇಳಿದ್ದಾಯಿತು. ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಸಂಘದ ಪತ್ರಿಕೆಯಲ್ಲಿ ಒಮ್ಮೆ ಬರೆದುಬಿಡೋಣ ಎಂದುಕೊಂಡೆ.

ಸಮುದ್ರದಿಂದ ಇಷ್ಟು ದೂರದ ಮನೀಶ್ ನಗರದಲ್ಲಿ, ಅದರಲ್ಲೂ ಝೀರೋ ಮೈಲ್ ಕಂಬವಿರುವ ಊರಿನಲ್ಲಿ ಕುಳಿತ ಗೃಹಿಣಿಗೆ ಇದೆಲ್ಲ ಎಲ್ಲಿಂದ ಗೊತ್ತು ಎಂದು ನಿಮ್ಮ ತಾಯಂದಿರು ಕೇಳಬಹುದು. ನನ್ನ ತವರು ಮೂಲ್ಕಿಯ ಹತ್ತಿರ, ಶಾಂಭವಿ ನದಿಯ ದಂಡೆಯಿಂದ ಕೂಗಳತೆಯ ದೂರದಲ್ಲಿದೆ. ತಮ್ಮನ ಮಗನ ಬಳಿ ನಾಲ್ಕು ಹಲಗೆಗಳಿವೆ. ಐವತ್ತು ದಾಟಿದ ಮೇಲೆ ಅವನೇ ನನ್ನನ್ನು ಮೊದಲು ಮಂಡಿಯೂರಿಸಿ, ಆಮೇಲೆ ಎಬ್ಬಿಸಿ ನಿಲ್ಲಿಸಿದ. ಹಲಗೆಯ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಗಳನ್ನೆಲ್ಲ ಓದಿ ಅವನಿಗೆ ಅರ್ಥ ಹೇಳುವ ಕೆಲಸ ನನ್ನದಾಯಿತು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ‘ರೇಕ್’ ಎಂದರೆ ತೋಟದ ಕಸ ಎಳೆಯುವ ಹಲ್ಲು ಎಂದಷ್ಟೇ ತಿಳಿದಿತ್ತು. ಅದು ರೆಕ್ಕೆಯ ಬಾಗು ಎಂದು ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ.

ಹುಟ್ಟು ಎಂಬ ಮಾತು ಬಂದಾಗ ನಿಮ್ಮಲ್ಲೊಬ್ಬ “ಹುಟ್ಟು ಅಂದರೆ ಬರ್ತ್ ಅಲ್ಲವೇ?” ಎಂದು ಕೇಳಿದ್ದ. ಅದೂ ಹೌದು, ಇದೂ ಹೌದು. ದೋಣಿ ನಡೆಸುವ ಹುಟ್ಟು ಕೂಡ ಹುಟ್ಟೇ. ಕನ್ನಡದಲ್ಲಿ ಒಂದೇ ಮಾತಿಗೆ ಇಂಥ ಎರಡೆರಡು ಮನೆಗಳು ಬೇಕಾದಷ್ಟಿವೆ.

ಈಗ ವಿಷಯಕ್ಕೆ ಬರೋಣ. ರೆಕ್ಕೆ ಯಾತಕ್ಕೆ? ಹಳ್ಳಿಯ ಮಕ್ಕಳು ಬಾಳೆದಿಂಡನ್ನು ಕಟ್ಟಿ ಕೆರೆಯಲ್ಲಿ ತೆಪ್ಪ ಬಿಡುವುದನ್ನು ನೀವು ನೋಡಿರಲಾರಿರಿ. ಬಲಕ್ಕೆ ಒಂದು ಸಲ ನೀರು ತಳ್ಳಿದರೆ ತೆಪ್ಪದ ಮೂತಿ ಎಡಕ್ಕೆ ಹೊರಳುತ್ತದೆ, ಎಡಕ್ಕೆ ತಳ್ಳಿದರೆ ಬಲಕ್ಕೆ. ಮುಂದೆ ಹೋಗುವುದಕ್ಕಿಂತ ಗಿರಗಿರ ಸುತ್ತುವುದೇ ಹೆಚ್ಚು. ರೆಕ್ಕೆಯಿಲ್ಲದ ಹಲಗೆಯೂ ಹಾಗೆಯೇ. ಬಾಲದ ಕೆಳಗೆ ನೀರಿನಲ್ಲಿ ಮುಳುಗಿರುವ ಆ ತೆಳುವಾದ ತುಂಡು ಹಲಗೆ ಅಡ್ಡಕ್ಕೆ ಜಾರದಂತೆ ತಡೆಯುತ್ತದೆ. ನೀವು ಹಾಕಿದ ಶಕ್ತಿ ತಿರುಗುವುದರಲ್ಲಿ ಪೋಲಾಗದೆ ಮುಂದಕ್ಕೆ ಹೋಗುತ್ತದೆ. ಚುಕ್ಕಾಣಿಯನ್ನು ಕೈಯಿಂದ ತಿರುಗಿಸಬಹುದು, ಇದನ್ನು ತಿರುಗಿಸಲಾಗದು. ಹಾಗಾಗಿಯೇ ನೀರಿಗಿಳಿಯುವ ಮೊದಲೇ ಸರಿಯಾದದ್ದನ್ನು ಆರಿಸಿಕೊಳ್ಳಬೇಕು.

ಸ್ವಾರಸ್ಯವೆಂದರೆ, ಹವಾಯಿ ದ್ವೀಪಗಳ ಜನ ಶತಮಾನಗಳ ಕಾಲ ರೆಕ್ಕೆಯೇ ಇಲ್ಲದ ಹಲಗೆಗಳ ಮೇಲೆ ಅಲೆಯೇರಿದರು. ತಿರುಗಬೇಕಾದರೆ ಒಂದು ಕಾಲನ್ನು ನೀರಿಗೆ ಇಳಿಬಿಟ್ಟು ಎಳೆಯುತ್ತಿದ್ದರಂತೆ. 1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕನ್ನರು ಒಂದು ಹಳೆಯ ಸ್ಪೀಡ್ ಬೋಟಿನ ಲೋಹದ ಪಟ್ಟಿಯನ್ನು ಬಿಚ್ಚಿ ತಮ್ಮ ಹಲಗೆಯ ಅಡಿಗೆ ಜೋಡಿಸಿದರು. ಬಹುಕಾಲ ಆ ಒಂದೇ ರೆಕ್ಕೆ ನಡೆಯಿತು. ಎಪ್ಪತ್ತರ ದಶಕದ ಕೊನೆಗೆ ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ಎರಡು ರೆಕ್ಕೆಗಳ ಹಲಗೆಯಲ್ಲಿ ವಿಶ್ವ ಪ್ರಶಸ್ತಿಗಳನ್ನು ಗೆದ್ದರು. 1981ರಲ್ಲಿ ಅದೇ ದೇಶದ ಸೈಮನ್ ಆಂಡರ್ಸನ್ ಮೂರು ರೆಕ್ಕೆಗಳನ್ನು ಹಾಕಿಕೊಂಡು ಬೆಲ್ಸ್ ಬೀಚ್‌ನ ದೊಡ್ಡ ಅಲೆಗಳಲ್ಲಿ ಗೆದ್ದರು. ಅಂದಿನಿಂದ ಮೂರು ರೆಕ್ಕೆಯ ‘ಥ್ರಸ್ಟರ್’ ಲೋಕವೆಲ್ಲ ಹರಡಿತು. ನಿಂತು ಹುಟ್ಟು ಹಾಕುವ ಪದ್ಧತಿ ವೈಕೀಕಿ ಕಡಲತೀರದ ತರಬೇತುದಾರರದು. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಮುಂತಾದವರು ಅದಕ್ಕೆ ಹೊಸ ಜೀವ ಕೊಟ್ಟರು.

ನಮ್ಮ ಮೂಲ್ಕಿಗೆ ಈ ವಿದ್ಯೆ ಬಂದದ್ದು ಇನ್ನೂ ವಿಚಿತ್ರ. ಜ್ಯಾಕ್ ಹೆಬ್ನರ್ ಎಂಬ ಅಮೆರಿಕನ್ ಸನ್ಯಾಸಿ 2004ರಲ್ಲಿ ಅಲ್ಲಿ ಆಶ್ರಮ ಮಾಡಿಕೊಂಡು, ಜಪತಪದ ಜೊತೆಗೆ ಅಲೆಯಾಟವನ್ನೂ ಕಲಿಸಿದರು. ಅದೇ ಮುಂದೆ ಮಂತ್ರ ಸರ್ಫ್ ಕ್ಲಬ್ ಎಂದು ಹೆಸರಾಯಿತು. ಉಡುಪಿಯ ಕಡೆ ಕೋಡಿಬೆಂಗ್ರೆಯಲ್ಲಿ ಇಶಿತಾ ಮಾಳವಿಯ ಅವರೂ ಅವರ ಜೊತೆಗಾರರೂ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ನಮ್ಮ ಸಸಿಹಿತ್ಲು ತೀರದಲ್ಲಿ 2024ರ ಮಾರ್ಚ್ ತಿಂಗಳಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದು, ಹೊರದೇಶಗಳ ಸ್ಪರ್ಧಿಗಳೊಡನೆ ತಮಿಳುನಾಡಿನ ಶೇಖರ್ ಪಚೈ ಅಂಥವರೂ ಹುಟ್ಟು ಹಾಕಿದರು. ನಾನು ಚಿಕ್ಕವಳಿದ್ದಾಗ ಮೀನು ಒಣಗಿಸುವವರ ಹೊರತು ಯಾರೂ ಕಾಲಿಡದ ಮರಳದು!

ಇರಲಿ. ಒಂದು ರೆಕ್ಕೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ನೋಡಬೇಕಾದದ್ದು ನಾಲ್ಕು ಗುಣಗಳನ್ನು. ಮೊದಲನೆಯದು ಬುಡದಿಂದ ತುದಿಯವರೆಗಿನ ಉದ್ದ. ಉದ್ದವಾದಷ್ಟೂ ಹಲಗೆ ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ, ನಿಂತವರಿಗೆ ಕಾಲಡಿಯ ಓಲಾಟ ಕಡಿಮೆಯಾಗುತ್ತದೆ. ಆದರೆ ನೀರಿನ ತಡೆಯೂ ಹೆಚ್ಚು, ನೆಲಕ್ಕೆ ತಾಗುವ ಭಯವೂ ಹೆಚ್ಚು. ಎರಡನೆಯದು ಬುಡದ ಅಗಲ. ಅಗಲವಾದ ಬುಡ ಹಲಗೆಯನ್ನು ನೇರವಾಗಿ ಓಡಿಸುತ್ತದೆ. ಮೂರನೆಯದು ಆಗ ಹೇಳಿದ ರೇಕ್, ಎಂದರೆ ಹಿಂದಕ್ಕೆ ಎಷ್ಟು ಬಾಗಿದೆ ಎಂಬುದು. ನೆಟ್ಟಗೆ ನಿಂತ ರೆಕ್ಕೆ ಇದ್ದಲ್ಲೇ ಚುರುಕಾಗಿ ತಿರುಗಿಸುತ್ತದೆ. ಕುಡುಗೋಲಿನಂತೆ ಹಿಂದಕ್ಕೆ ಬಾಗಿದ್ದು ದೊಡ್ಡ ಸುತ್ತಿನಲ್ಲಿ ನಿಧಾನವಾಗಿ ತಿರುಗಿಸುತ್ತದೆ, ಆದರೆ ಕಳೆ ಅದಕ್ಕೆ ಸಿಕ್ಕಿಕೊಳ್ಳದೆ ಜಾರಿಹೋಗುತ್ತದೆ. ನಾಲ್ಕನೆಯದು ಬಳುಕು. ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿರುವುದು ಕಲ್ಲಿಗೆ ತಾಗಿದರೆ ಬಗ್ಗಿಕೊಳ್ಳುತ್ತದೆ, ಗಟ್ಟಿಯಾದದ್ದು ಮುರಿಯುತ್ತದೆ ಅಥವಾ ಹಲಗೆಯ ಗೂಡನ್ನೇ ಕಿತ್ತುಹಾಕುತ್ತದೆ.

ಇನ್ನು ಎಷ್ಟು ರೆಕ್ಕೆ ಎಂಬ ಪ್ರಶ್ನೆ. ಕೆರೆ, ಹಿನ್ನೀರು ಮುಂತಾದ ನಿಂತ ನೀರಿಗೆ ನಡುವಿನ ಒಂದೇ ಸಾಕು. ಎಂಟೊಂಬತ್ತು ಇಂಚು ಉದ್ದದ್ದು ಸಾಮಾನ್ಯ ಮೈಕಟ್ಟಿನವರಿಗೆ ಸರಿಹೋಗುತ್ತದೆ, ಹಗುರ ಮೈಯವರಿಗೆ ಇನ್ನೂ ಚಿಕ್ಕದಾದರೂ ನಡೆದೀತು. ಬದಿಯ ರೆಕ್ಕೆಗಳು ಬಿಚ್ಚುವಂಥವಾದರೆ ಬಿಚ್ಚಿಡಿ, ನಿಂತ ನೀರಿನಲ್ಲಿ ಅವು ಸುಮ್ಮನೆ ಎಳೆತ. ಅಲೆಗೆ ಇಳಿಯುವವರಿಗೆ ನಡುವೆ ಆರೇಳು ಇಂಚಿನದೊಂದು, ಎರಡೂ ಬದಿಗೆ ಮೂರೂವರೆ ನಾಲ್ಕು ಇಂಚಿನ ಮರಿರೆಕ್ಕೆಗಳು, ಹೀಗೆ ‘ಟೂ ಪ್ಲಸ್ ಒನ್’ ಜೋಡಣೆ ಬಹಳ ಒಳ್ಳೆಯದು. ಅಲೆಯ ಇಳಿಜಾರಿನಲ್ಲಿ ಹಲಗೆ ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಮರಿರೆಕ್ಕೆ ನೀರನ್ನು ಕಚ್ಚಿ ಹಿಡಿಯುತ್ತದೆ. ಅಲೆ ದೊಡ್ಡದಾದಂತೆ ನಡುವಿನದನ್ನು ಚಿಕ್ಕದು ಮಾಡಿ ಬದಿಯವನ್ನು ದೊಡ್ಡದು ಮಾಡುತ್ತಾರೆ. ಮೂರೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದರೆ ಅದೇ ಥ್ರಸ್ಟರ್. ಚಿಕ್ಕ ಹಲಗೆಯಲ್ಲಿ ಚಕಚಕನೆ ತಿರುಗಬೇಕೆನ್ನುವವರಿಗೆ ಅದು.

ನಾಲ್ಕು ರೆಕ್ಕೆಯ ‘ಕ್ವಾಡ್’ನಲ್ಲಿ ನಡುವೆ ಏನೂ ಇರುವುದಿಲ್ಲ, ಎಡಕ್ಕೆರಡು ಬಲಕ್ಕೆರಡು. ಅಲೆಯ ಮೈಮೇಲೆ ವೇಗವಾಗಿ ಓಡುತ್ತದೆ ಎನ್ನುವುದು ನಿಜ. ಆದರೆ ನಿಮ್ಮಂಥ ಹೊಸಬರು ನಾಲ್ಕು ಹಾಕಿಕೊಂಡು ನದಿಯಲ್ಲಿ ಹೊರಟರೆ ಹಲಗೆ ನೇರವಾಗಿ ನಡೆಯದೆ ಸತಾಯಿಸುತ್ತದೆ. ಕ್ವಾಡ್ ಬೇಕೆಂದು ಹಟ ಹಿಡಿದವನು ಯಾರೆಂದು ಅವನಿಗೇ ಗೊತ್ತು. ನನ್ನ ದೃಷ್ಟಿಯಲ್ಲಿ ಅದು ಸದ್ಯಕ್ಕೆ ಫೋಟೋಕ್ಕಷ್ಟೇ ಚೆಂದ. ಕಾರ್ಬನ್ ಫೈಬರ್ ರೆಕ್ಕೆಯ ಆಸೆಯೂ ಬೇಡ. ಆ ದುಡ್ಡನ್ನು ಒಳ್ಳೆಯ ಲೈಫ್ ಜಾಕೆಟಿಗೆ ಹಾಕಿ.

ಬದಿಯ ರೆಕ್ಕೆಗಳನ್ನು ಜೋಡಿಸುವಾಗ ಎಡಬಲ ನೋಡಿಕೊಳ್ಳಿ. ನಡುವಿನದು ಎರಡೂ ಕಡೆ ಉಬ್ಬಾಗಿರುತ್ತದೆ. ಬದಿಯವು ಸಾಮಾನ್ಯವಾಗಿ ಒಳಮುಖ ಚಪ್ಪಟೆ, ಹೊರಮುಖ ಉಬ್ಬು. ಅವುಗಳ ಮುಂಭಾಗ ಹಲಗೆಯ ಮೂತಿಯ ಕಡೆಗೆ ತುಸು ಒಳಕ್ಕೆ ತಿರುಗಿರಬೇಕು. ಬಾಗು ಯಾವಾಗಲೂ ಬಾಲದ ಕಡೆಗೆ. ಮೂತಿಯ ಕಡೆಗೆ ಬಾಗಿಸಿ ಹಾಕಿದವರನ್ನು ನಾನೇ ಕಂಡಿದ್ದೇನೆ, ಕಳೆಯೆಲ್ಲ ಬಾಚಿಕೊಂಡು ಬರುತ್ತಿತ್ತು!

ಉದ್ದ ಗೂಡಿನ ಹಲಗೆಯಾದರೆ ರೆಕ್ಕೆಯನ್ನು ಹಿಂದೆ ಮುಂದೆ ಸರಿಸಬಹುದು. ಹಿಂದಕ್ಕೆ ಸರಿಸಿದರೆ ನೇರ ನಡಿಗೆ, ಮುಂದಕ್ಕೆ ಸರಿಸಿದರೆ ಸಲೀಸು ತಿರುವು. ಹೊಸ ರೆಕ್ಕೆ ಕೊಳ್ಳುವ ಮೊದಲು ಇರುವುದನ್ನೇ ಎರಡು ಬೆರಳಿನಷ್ಟು ಸರಿಸಿ ನೋಡಿ. ಹಲವು ಸಲ ಅಷ್ಟರಲ್ಲೇ ಮುಗಿಯುತ್ತದೆ, ಖರ್ಚಿಲ್ಲ.

ನೀರಿನ ವಿಷಯ ಹೇಳುತ್ತೇನೆ, ಇದನ್ನು ದಯವಿಟ್ಟು ಹಾರಿಸಬೇಡಿ. ನಮ್ಮ ನಾಗಪುರದ ಅಂಬಾಝರಿ ಕೆರೆಯಲ್ಲಿ ಜಲಕುಂಭಿ ಹೇಗೆ ಹಬ್ಬುತ್ತದೆಂದು ನೀವೇ ನೋಡಿದ್ದೀರಿ. ಅಂಥ ಕಳೆಯಿರುವ ನೀರಿಗೆ ಹಿಂದಕ್ಕೆ ಚೆನ್ನಾಗಿ ಬಾಗಿದ ರೆಕ್ಕೆಯೇ ಆಗಬೇಕು. (ಅನುಮತಿ ಇಲ್ಲದೆ ಯಾವ ಕೆರೆಗೂ ಇಳಿಯಕೂಡದು ಎಂಬುದು ಬೇರೆ ಮಾತು.) ರಾಮಟೇಕ್ ಹತ್ತಿರದ ಖಿಂಡ್ಸಿ ಕೆರೆಯಂಥ ವಿಶಾಲ ನೀರಿನಲ್ಲಿ ಗಾಳಿಯೇ ದೊಡ್ಡ ತೊಡಕು. ನಿಂತ ಮನುಷ್ಯ ಹಾಯಿಯಿದ್ದಂತೆ, ಗಾಳಿ ಅವನನ್ನೇ ಹಿಡಿದು ತಳ್ಳುತ್ತದೆ. ಅಲ್ಲಿ ಉದ್ದ ರೆಕ್ಕೆ ಹಾಕಿದರೆ ಹಲಗೆ ಅಡ್ಡಡ್ಡ ಜಾರುವುದು ಕಡಿಮೆ.

ಶಾಂಭವಿಯದು ಬೇರೆಯೇ ಕಥೆ. ಮೇಲೆ ನೋಡಿದರೆ ತುಂಬಿದ ಹೊಳೆ, ಒಳಗೆ ಮರಳ ದಿಬ್ಬ. ಕಾಂಡ್ಲಾ ಗಿಡಗಳ ಬುಡದಲ್ಲಿ ಬೇರು, ಬಂಡೆಯ ಮೇಲೆ ಬ್ಲೇಡಿನಂಥ ಮುರು ಚಿಪ್ಪುಗಳು. ಒಂಬತ್ತಿಂಚಿನ ರೆಕ್ಕೆ ದಿಬ್ಬಕ್ಕೆ ತಾಗಿದರೆ ಹಲಗೆ ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ, ಮುಂದಕ್ಕೆ ಮುಗ್ಗರಿಸುತ್ತೀರಿ. ಆಳವಿಲ್ಲದ ನೀರಿನಲ್ಲಿ ತಲೆ ಮುಂದಾಗಿ ಬಿದ್ದರೆ ಕತ್ತಿಗೇ ಅಪಾಯ. ಹೀಗಾಗಿ ಅಲ್ಲಿಗೆ ನಾಲ್ಕೈದು ಇಂಚಿನ ಬಳುಕುವ ರೆಕ್ಕೆಯೇ ಸರಿ. ಬದಿಯವು ಅಂಟಿಸಿದಂಥ ಚಿಕ್ಕ ರೆಕ್ಕೆಗಳಾಗಿದ್ದರೆ ನಡುವಿನದನ್ನು ತೆಗೆದಿಟ್ಟು ಅವೆರಡರಲ್ಲೇ ಹೋಗಬಹುದು. ತಮ್ಮನ ಮಗ ಇಳಿತದ ಹೊತ್ತಿಗೆ ಹೀಗೆಯೇ ಮಾಡುತ್ತಾನೆ.

ಆ ಶಾಂಭವಿ ಮತ್ತು ಪಾವಂಜೆಯ ಕಡೆಯಿಂದ ಬರುವ ನಂದಿನಿ ಎರಡೂ ಸೇರಿ ಸಸಿಹಿತ್ಲಿನಲ್ಲಿ ಕಡಲಿಗೆ ಬೀಳುತ್ತವೆ. ಆ ಬಾಯಿಗೆ ನಮ್ಮ ಕಡೆ ಅಳಿವೆ ಎನ್ನುತ್ತಾರೆ. ಛಾಯಾಚಿತ್ರದಲ್ಲಿ ಅದರಷ್ಟು ಸುಂದರ ಜಾಗ ಇನ್ನೊಂದಿಲ್ಲ. ನಮ್ಮ ಅಜ್ಜಿಯ ತಮ್ಮ ಹೋದದ್ದು ಅಲ್ಲಿಯೇ. ಇಳಿತದ ಹೊತ್ತಿನಲ್ಲಿ ದೋಣಿ ಮಗುಚಿತು. ದೋಣಿ ಮರುದಿನ ಸಿಕ್ಕಿತು, ಅವರು ಸಿಗಲಿಲ್ಲ. ಈಜು ಬಲ್ಲವರು, ಇಪ್ಪತ್ತೆರಡು ವರ್ಷ. ಅನಂತರ ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ಸೊಂಟದ ಮೇಲಿನ ನೀರಿಗೆ ಇಳಿಯಕೂಡದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದರು. ನದಿಯ ಪಕ್ಕದಲ್ಲಿ ಹುಟ್ಟಿ ಬೆಳೆದ ನಾನು ಈಜು ಕಲಿತದ್ದು ನಾಗಪುರಕ್ಕೆ ಮದುವೆಯಾಗಿ ಬಂದ ಮೇಲೆ, ಇಲ್ಲಿನ ಈಜುಕೊಳದಲ್ಲಿ! ಅಜ್ಜಿಯನ್ನು ನಾನು ದೂರುವುದಿಲ್ಲ. ಆದರೆ ಬೇಡ ಎನ್ನುವುದರ ಬದಲು ಹೀಗೆ ಹೀಗೆ ಎಂದು ಹೇಳಿಕೊಡುವವರು ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಇಷ್ಟುದ್ದ ಬರೆಯುತ್ತಿರುವುದು ಅದಕ್ಕೇ.

ಹೀಗೆ ಹೀಗೆ ಎಂದರೆ ಏನು? ಪ್ರವಾಹದ ಎದುರು ಯಾವ ರೆಕ್ಕೆಯೂ ಕೆಲಸಕ್ಕೆ ಬಾರದು. ಇದನ್ನು ತಿಳಿಯಲು ವಿಜ್ಞಾನ ಓದಿರಬೇಕಾಗಿಲ್ಲ. ಓಡುವ ರೈಲಿನೊಳಗೆ ನೀವು ಎಷ್ಟೇ ಗಟ್ಟಿಯಾಗಿ ಕಂಬ ಹಿಡಿದುಕೊಂಡರೂ ರೈಲು ಹೋದಲ್ಲಿಗೇ ನೀವೂ ಹೋಗುತ್ತೀರಿ. ರೆಕ್ಕೆ ಹಿಡಿದುಕೊಳ್ಳುವುದು ನೀರನ್ನು, ನೆಲವನ್ನಲ್ಲ. ನೀರೇ ಕಡಲಿಗೆ ಹೊರಟಿದ್ದರೆ ಹಲಗೆಯೂ ಕಡಲಿಗೆ. ಉದ್ದ ರೆಕ್ಕೆ ಹಾಕಿದ್ದೇನೆ, ಹಲಗೆ ಅಲುಗಾಡುತ್ತಿಲ್ಲ ಎಂಬ ಧೈರ್ಯ ಅಳಿವೆಯಲ್ಲಿ ಶತ್ರು. ಮಂಗಳೂರಿನ ಕಡೆ ಉಬ್ಬರ ಇಳಿತಗಳ ಅಂತರ ಒಂದೂವರೆ ಮೀಟರಿನ ಆಸುಪಾಸು, ಕೇಳಲು ಬಹಳವಲ್ಲ. ಆದರೆ ಅಷ್ಟು ಅಗಲದ ಹೊಳೆಯ ನೀರೆಲ್ಲ ಆ ಕಿರಿದಾದ ಬಾಯಿಯಿಂದಲೇ ಹೊರಗೆ ಹೋಗಬೇಕಲ್ಲ! ಇಳಿತದ ಹೊತ್ತಿಗೆ ಅಳಿವೆಯ ಹತ್ತಿರ ಸುಳಿಯಲೇಬೇಡಿ. ಅದರ ಜೊತೆಗೆ ಮುಂಜಾನೆಯ ಗಾಳಿ ಅನೇಕ ದಿನ ನೆಲದಿಂದ ಕಡಲಿಗೆ ಬೀಸುತ್ತದೆ. ದಡದಿಂದ ನೋಡಿದರೆ ನೀರು ಕನ್ನಡಿಯಂತೆ ಶಾಂತವಾಗಿ ಕಾಣುತ್ತದೆ, ಹೊರಟವರು ಮರಳಲು ತಿರುಗಿದಾಗಲೇ ಗಾಳಿಯ ಬಲ ಗೊತ್ತಾಗುವುದು. ನಿಲ್ಲಲಾಗದಿದ್ದರೆ ಮಂಡಿಯೂರಿ, ಅದೂ ಆಗದಿದ್ದರೆ ಬೋರಲು ಮಲಗಿ ಕೈಯಿಂದ ನೀರೆಳೆಯಿರಿ. ಹಲಗೆಯನ್ನು ಮಾತ್ರ ಬಿಟ್ಟು ಈಜಬೇಡಿ.

ಇಳಿತ ಯಾವಾಗ ಎಂದು ತಿಳಿಯಲು ಫೋನಿನಲ್ಲಿ ಪಟ್ಟಿ ಸಿಗುತ್ತದೆ, ಸರಿ. ಆದರೆ ಮರಳ ದಿಬ್ಬ ಕಳೆದ ಮಳೆಗಾಲದಲ್ಲಿ ಎಲ್ಲಿಗೆ ಸರಿಯಿತು ಎಂದು ಫೋನು ಹೇಳುವುದಿಲ್ಲ. ಅದು ಗೊತ್ತಿರುವುದು ದಂಡೆಯ ಮೇಲೆ ಬಲೆ ಬಿಡಿಸುತ್ತ ಕುಳಿತ ಮೊಗವೀರರಿಗೆ, ಮೊಣಕಾಲುದ್ದದ ನೀರಿನಲ್ಲಿ ಮರುವಾಯಿ ಹೆಕ್ಕುವ ಹೆಂಗಸರಿಗೆ. ಅವರನ್ನು ಕೇಳಬೇಕು. ನೀವು ಮನೆಯಲ್ಲಿ ಮರಾಠಿ, ಹಿಂದಿ ಬೆರೆಸಿ ಮಾತನಾಡುವವರು. ನನ್ನದೇನೂ ಆಕ್ಷೇಪವಿಲ್ಲ, ನನ್ನ ಮಕ್ಕಳೂ ಹಾಗೆಯೇ. ಅಲ್ಲಿಯವರ ಮನೆಮಾತು ತುಳು, ಆದರೆ ಕನ್ನಡ ಎಲ್ಲರಿಗೂ ಬರುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ಇಂಗ್ಲಿಷಿನಲ್ಲಿ ಕೇಳಿದರೆ ಪ್ರವಾಸಿಗರಿಗೆ ಹೇಳುವಂತೆ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. “ಅಣ್ಣಾ, ಇವತ್ತು ಇಳಿತ ಎಷ್ಟು ಗಂಟೆಗೆ ಶುರು ಆಗ್ತದೆ? ದಿಬ್ಬ ಯಾವ ಬದಿಗೆ ಉಂಟು?” ಎಂದು ಕೇಳಿ ನೋಡಿ. ಕನ್ನಡ ಎಷ್ಟೇ ಮುರುಕಾಗಿರಲಿ, “ನಿಮ್ಮದು ಯಾವ ಊರು, ಯಾರ ಮಗ?” ಎಂದು ಮೊದಲು ವಿಚಾರಿಸುತ್ತಾರೆ, ಆಮೇಲೆ ಎದ್ದು ಬಂದು ಕೈ ಚಾಚಿ ತೋರಿಸುತ್ತಾರೆ. ಉಬ್ಬರ, ಇಳಿತ, ಅಳಿವೆ, ದಿಬ್ಬ, ತೆರೆ. ಈ ಐದು ಮಾತುಗಳನ್ನು ರೈಲಿನಲ್ಲೇ ಬಾಯಿಪಾಠ ಮಾಡಿಕೊಳ್ಳಿ. ಹೋಗುವ ಮೊದಲು ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು ಎಂದು ಅವರಿಗೇ ಹೇಳಿ ಹೋಗಿ. ನೀವು ಬರದಿದ್ದರೆ ದೋಣಿ ತಳ್ಳುವವರು ಅವರೇ.

ಹಲಗೆಗೂ ಕಾಲಿಗೂ ಕಟ್ಟುವ ಹಗ್ಗವಿದೆಯಲ್ಲ, ಲೀಶ್, ಅದನ್ನು ಅಲೆಯಲ್ಲಿ ಕಾಲಿಗೇ ಕಟ್ಟಿ. ಹರಿಯುವ ಹೊಳೆಯಲ್ಲಿ ಮಾತ್ರ ಸೊಂಟಕ್ಕೆ ಕಟ್ಟುವ, ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವಂಥದು ಬೇಕು. ಬಲೆಯ ಗೂಟಕ್ಕೋ ಕಾಂಡ್ಲಾ ಬೇರಿಗೋ ಹಗ್ಗ ಸಿಕ್ಕಿಕೊಂಡರೆ ಪ್ರವಾಹದ ಎಳೆತದಲ್ಲಿ ಬಗ್ಗಿ ಕಾಲಿನದನ್ನು ಬಿಚ್ಚಲಾಗದು. ಜೂನ್ ಹತ್ತಿರವಾದಂತೆ ಕಡಲು ಕೆರಳುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಸರ್ಫಿಂಗ್ ಫೆಡರೇಷನ್ನಿನ ಇಂಡಿಯನ್ ಓಪನ್ ಸ್ಪರ್ಧೆ 2023ರಲ್ಲಿ ಪಣಂಬೂರಿನಲ್ಲಿ, 2024ರಲ್ಲಿ ಸಸಿಹಿತ್ಲಿನಲ್ಲಿ ನಡೆದದ್ದು ಮೇ ಜೂನ್ ಸಂಧಿಕಾಲದ ಆ ಏರುವ ಅಲೆಗಳಿಗಾಗಿಯೇ. ಅದು ಪಳಗಿದವರ ಆಟ. ನೀವು ದಡದಲ್ಲಿ ಚಪ್ಪಾಳೆ ತಟ್ಟಿ.

ಕೊನೆಗೆ ಮನೆಗೆಲಸದ ಮಾತು. ಮೇ ತಿಂಗಳ ನಾಗಪುರದ ಬಿಸಿಲಿನಲ್ಲಿ, ಗಾಜು ಏರಿಸಿದ ಕಾರಿನ ಡಿಕ್ಕಿಯಲ್ಲಿ ಹಲಗೆಯ ಚೀಲ ಬಿಡಬೇಡಿ. 45 ಡಿಗ್ರಿ ದಾಟಿದ ದಿನ ಮೆತ್ತನೆಯ ಪ್ಲಾಸ್ಟಿಕ್ ರೆಕ್ಕೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸೊಟ್ಟ ರೆಕ್ಕೆ ಹಾಕಿದರೆ ಹಲಗೆ ಒಂದೇ ಕಡೆಗೆ ಎಳೆಯುತ್ತದೆ. ಎಸೆಯಬೇಡಿ. ಅಗಲವಾದ ಪಾತ್ರೆಯಲ್ಲಿ ನೀರು ಚೆನ್ನಾಗಿ ಬಿಸಿ ಮಾಡಿ, ರೆಕ್ಕೆಯನ್ನು ಒಂದೆರಡು ನಿಮಿಷ ಮುಳುಗಿಸಿ, ಬಟ್ಟೆ ಹಿಡಿದು ತೆಗೆದು ಕೈಯಲ್ಲೇ ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿ. ಹಾಗೆಯೇ ನಿಲ್ಲುತ್ತದೆ. ಸಾರಿನ ಪಾತ್ರೆ ಮಾತ್ರ ಬೇಡ. ಗಾಳಿ ತುಂಬಿದ ಹಲಗೆಯನ್ನು ಮರಳಿನ ಮೇಲೆ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗುವುದೂ ಬೇಡ. ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ. ಒಂದಿಷ್ಟು ಗಾಳಿ ಇಳಿಸಿ ನೆರಳಿಗೆ ಎಳೆದುಕೊಳ್ಳಿ. ಸಂಜೆ ಬಾವಿಯ ನೀರಿನಲ್ಲಿ ರೆಕ್ಕೆಯ ಗೂಡಿನ ಮರಳನ್ನೂ ಉಪ್ಪನ್ನೂ ತೊಳೆಯಿರಿ, ಇಲ್ಲದಿದ್ದರೆ ಸ್ಕ್ರೂ ತುಕ್ಕು ಹಿಡಿದು ಕೂರುತ್ತದೆ. ಆ ಪುಟ್ಟ ಸ್ಕ್ರೂ ಮತ್ತು ಅದರ ಲೋಹದ ಬಿಲ್ಲೆ ಮರಳಿಗೆ ಬಿದ್ದರೆ ದೇವರೂ ಹುಡುಕಿಕೊಡಲಾರ, ಮೂಲ್ಕಿ ಪೇಟೆಯಲ್ಲಿ ಅದೇ ಅಳತೆಯದು ಸಿಗುವ ಭರವಸೆಯೂ ಇಲ್ಲ. ನನ್ನ ಹೊಲಿಗೆ ಡಬ್ಬಿಯಲ್ಲಿ ಆರು ಜೊತೆ ಹೆಚ್ಚಿಗೆ ಇವೆ. ಹೊರಡುವ ಮೊದಲು ಮನೀಶ್ ನಗರದ ಕಡೆ ಬಂದರೆ ತಲಾ ಎರಡು ಕೊಡುತ್ತೇನೆ.